ಸಿಗ್ನಲ್ ಫುಲ್ ಇದ್ದರೂ ಟಿವಿ ಚಿತ್ರ ಚೌಕಚೌಕವಾಗಿ ಒಡೆಯುವುದೇಕೆ?

ಲಂಡನ್ನಿನ ಮನೆಯಲ್ಲಿ ಆಂಟೆನಾಗೆ ಬೂಸ್ಟರ್ (ಸಿಗ್ನಲ್ ಹೆಚ್ಚಿಸುವ ಸಾಧನ) ಹಾಕಿದ ಮೇಲೆ ಫ್ರೀವ್ಯೂ, ಅಂದರೆ ಬ್ರಿಟನ್ನಿನ ಉಚಿತ ಡಿಜಿಟಲ್ ಟಿವಿ, ಇನ್ನೂ ಕೆಟ್ಟಿತು ಅಂದಿದ್ದೀರಿ. ಮೊದಲು ಆ ಬೂಸ್ಟರ್ ಕಿತ್ತು ನೋಡಿ. ಲಂಡನ್ನಿಗೆ ಟಿವಿ ಪ್ರಸಾರ ಮಾಡುವ ಕ್ರಿಸ್ಟಲ್ ಪ್ಯಾಲೇಸ್ ಗೋಪುರ ಹತ್ತಿರವಿದ್ದರೆ ಸಿಗ್ನಲ್ ಮೊದಲೇ ಜೋರು. ಇನ್ನೂ ಹೆಚ್ಚಿಸಿದರೆ ಟಿವಿಯೊಳಗೆ ಸಿಗ್ನಲ್ ಹಿಡಿಯುವ ಟ್ಯೂನರ್ ತಬ್ಬಿಬ್ಬಾಗುತ್ತದೆ. ಟಿವಿ ಮೆನುವಿನಲ್ಲಿ ‘ಸ್ಟ್ರೆಂತ್’ಗಿಂತ (ಸಿಗ್ನಲ್ ಎಷ್ಟು ಜೋರು) ‘ಕ್ವಾಲಿಟಿ’ (ಎಷ್ಟು ಶುದ್ಧ) ಮುಖ್ಯ.

ಹಳೆಯ ಅನಲಾಗ್‌ನಲ್ಲಿ ಸಿಗ್ನಲ್ ಕುಗ್ಗಿದಂತೆಲ್ಲ ಚುಕ್ಕಿ ಹೆಚ್ಚುತ್ತಿತ್ತು, ಆದರೂ ಕಷ್ಟಪಟ್ಟು ಕ್ರಿಕೆಟ್ ನೋಡಬಹುದಿತ್ತು. ಡಿಜಿಟಲ್‌ನಲ್ಲಿ ದಾರಿಯಲ್ಲಾದ ತಪ್ಪುಗಳನ್ನು ಟಿವಿಯೇ ತಿದ್ದಿಕೊಳ್ಳುತ್ತದೆ. ತಿದ್ದಲಾಗದ ಮಟ್ಟ ಮುಟ್ಟಿತೋ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಇಲ್ಲವೇ ಮಾಯ. ಕೆಲವೇ ಚಾನೆಲ್ ಹೋಗಿದ್ದರೆ ಅವು ಒಂದೇ ಮಲ್ಟಿಪ್ಲೆಕ್ಸ್‌ನವು, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬರುವವು, ಇರಬಹುದು.

ಬ್ರಿಟನ್ನಿನಲ್ಲಿ ಈಗ ಟಿವಿ ಪ್ರಸಾರ 694 ಮೆಗಾಹರ್ಟ್ಸ್‌ವರೆಗೆ ಮಾತ್ರ. ಅದರಾಚೆ ಮೊಬೈಲ್‌ನ ಕಾರುಬಾರು. ಹಳೆಯ ಬೂಸ್ಟರ್ ಆ ಮೊಬೈಲ್ ಸಿಗ್ನಲನ್ನೂ ಎಳೆದುಕೊಳ್ಳುತ್ತದೆ. ಬೂಸ್ಟರ್ ಬೇಕೇಬೇಕೆಂದರೆ ಅದನ್ನು ತಡೆಯುವ ಫಿಲ್ಟರ್ ಇರುವುದನ್ನೇ ಕೊಳ್ಳಿ.