1 ಟಿಬಿ ಹಾರ್ಡ್ ಡಿಸ್ಕ್ 931 ಜಿಬಿ ಅಂತ ಯಾಕೆ ತೋರಿಸುತ್ತೆ?

ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯಲ್ಲಿ 1 ಟಿಬಿ ಡಿಸ್ಕ್ ಕೊಂಡೆ, ಮನೆಗೆ ತಂದು ಹಚ್ಚಿದರೆ 931 ಜಿಬಿ ಅಷ್ಟೇ ಇದೆ, ಅಂಗಡಿಯವರು ಮೋಸ ಮಾಡಿದರಾ ಅಂತ ಕೇಳಿದ್ದೀರಿ. ಇಲ್ಲ. ಸುಮ್ನೆ ವಾಪಸ್ ಒಯ್ದು ಜಗಳ ಮಾಡಬೇಡಿ.

ಡಿಸ್ಕ್ ತಯಾರಿಸುವವರಿಗೆ 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಅದನ್ನೇ 1024ರಿಂದ ಮೂರು ಸಲ ಭಾಗಿಸಿ, ಬಂದ 931ರ ಮುಂದೆ ಜಿಬಿ ಅಂತ ಬರೆಯುತ್ತೆ. ಈ 1024ರ ಲೆಕ್ಕದ ಅಳತೆಗೆ ಸರಿಯಾದ ಹೆಸರು ಗಿಬಿಬೈಟ್, 1998ರಲ್ಲೇ ಬಂದಿದೆ, ಆದರೂ ವಿಂಡೋಸ್ ಹಳೇ ಹೆಸರನ್ನೇ ಹಿಡಿದುಕೊಂಡಿದೆ, ಗೊಂದಲಕ್ಕೆಲ್ಲ ಇದೇ ಮೂಲ ಅಂತ ನನಗನಿಸುತ್ತೆ.

ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೆಪಾಸಿಟಿ ಸಾಲಿನಲ್ಲಿ ಮೊದಲು ಬೈಟ್‌ಗಳ ಉದ್ದ ಸಂಖ್ಯೆ, ಪಕ್ಕದಲ್ಲಿ 931 ಜಿಬಿ. ಎರಡೂ ಒಂದೇ ಜಾಗದ ಲೆಕ್ಕ, ಅಲ್ವಾ? ಮ್ಯಾಕ್‌ಗೆ ಹಚ್ಚಿದರೆ ಅದೇ ಡಿಸ್ಕ್ 1 ಟಿಬಿ ಅಂತಲೇ ತೋರಿಸುತ್ತೆ.

ನಿಜವಾದ ಮೋಸ ಇರೋದು ಐದುನೂರು ರೂಪಾಯಿಗೆ ಸಿಗುವ 2 ಟಿಬಿ ಪೆನ್‌ಡ್ರೈವ್‌ಗಳಲ್ಲಿ. ಒಳಗೆ ಸಣ್ಣ ಚಿಪ್ ಇಟ್ಟು, ಪರದೆ ಮೇಲೆ ಮಾತ್ರ ದೊಡ್ಡ ಅಂಕಿ ಬರುವ ಹಾಗೆ ಮಾಡಿರುತ್ತಾರೆ. ಜಾಗ ಮೀರಿದ ಮೇಲೆ ಹಾಕಿದ ಫೋಟೋಗಳು ತೆರೆಯೋದೇ ಇಲ್ಲ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ (H2testw) ಅನ್ನೋ ಪ್ರೋಗ್ರಾಂ ಓಡಿಸಿ. ಉಚಿತ, ಡ್ರೈವ್ ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತೆ.