ಸ್ತನ ಕ್ಯಾನ್ಸರ್‌ಗೂ ವೈರಸ್‌ಗೂ ಸಂಬಂಧ ಇದೆಯಾ?

ಅಮ್ಮನ ಎದೆಹಾಲಿನ ಮೂಲಕ ಮಗಳಿಗೆ ಸ್ತನ ಕ್ಯಾನ್ಸರ್‌ನ ವೈರಸ್ ಬರುತ್ತಾ ಅಂತ ಕೇಳಿದ್ದೀರಿ. ಇಲಿಗಳಲ್ಲಿ ಬರುತ್ತದೆ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ.

ಇಲಿಯ ಕಥೆ ಹಳೆಯದು. ಅಮೆರಿಕದ ವಿಜ್ಞಾನಿ ಜಾನ್ ಬಿಟ್ನರ್, ಈ ಕ್ಯಾನ್ಸರ್ ಜಾಸ್ತಿ ಬರುವ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ತಳಿಯ ತಾಯಿಯ ಹಾಲಿಗೆ ಬಿಟ್ಟರು. ಗಡ್ಡೆಗಳು ತುಂಬಾ ಕಡಿಮೆಯಾದವು. ಇದು 1936ರಲ್ಲಿ ಪ್ರಕಟವಾಯಿತು. ಹಾಲಿನಲ್ಲಿದ್ದದ್ದು ವೈರಸ್ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಎಂಎಂಟಿವಿ (ಇಲಿಯ ಸ್ತನಗಡ್ಡೆಯ ವೈರಸ್) ಎಂದು ಹೆಸರು. ಅದು ತನ್ನ ಜೀನುಗಳನ್ನು ಜೀವಕೋಶದ ಡಿಎನ್‌ಎಯೊಳಗೆ ತೂರಿಸುತ್ತದೆ. ಬೆಳವಣಿಗೆಯ ಜೀನ್ ಪಕ್ಕ ಹೋಗಿ ಕೂತರೆ, ಆ ಜೀನ್ ಸುಮ್ನೆ ಇರುವುದಿಲ್ಲ. ಕೋಶ ಬೆಳೆಯುತ್ತಲೇ ಹೋಗುತ್ತದೆ.

ಮನುಷ್ಯರ ಸ್ತನದ ಗಡ್ಡೆಗಳಲ್ಲೂ ಈ ವೈರಸ್‌ನ ಜೀನುಗಳನ್ನು ಹೋಲುವ ತುಣುಕುಗಳು ಕೆಲವು ಲ್ಯಾಬ್‌ಗಳಿಗೆ ಸಿಕ್ಕಿವೆ, ಕೆಲವಕ್ಕೆ ಸಿಕ್ಕಿಲ್ಲ. ಇಂಥ ತುಣುಕು ಹುಡುಕುವ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಎಷ್ಟು ಸೂಕ್ಷ್ಮ ಅಂದರೆ, ಇಲಿಯ ಡಿಎನ್‌ಎ ಚೂರು ಬೆರೆತರೂ ಮೋಸ ಹೋಗಬಹುದು. ಮನುಷ್ಯರಿಗೆ ತಗಲುವ ಎಚ್‌ಪಿವಿ, ಇಬಿವಿ ಎಂಬ ಬೇರೆ ವೈರಸ್‌ಗಳ ವಿಷಯದಲ್ಲೂ ಇದೇ ಗೊಂದಲ. ಗರ್ಭಕಂಠದ ಕ್ಯಾನ್ಸರ್‌ನಲ್ಲಾದರೆ ಹೆಚ್ಚುಕಡಿಮೆ ಎಲ್ಲ ಗಡ್ಡೆಗಳಲ್ಲೂ ಎಚ್‌ಪಿವಿ ಸಿಗುತ್ತದೆ. ಸ್ತನದಲ್ಲಿ ಹಾಗಿಲ್ಲ ಅಲ್ವಾ!

ಹಾಗಾಗಿ ಮಗುವಿಗೆ ಧೈರ್ಯವಾಗಿ ಹಾಲು ಕೊಡಿ. ಹಾಲುಣಿಸಿದ ತಾಯಂದಿರಲ್ಲಿ ಈ ಕ್ಯಾನ್ಸರ್ ಸ್ವಲ್ಪ ಕಡಿಮೆಯೇ.