ಮಗ ಯುದ್ಧನೌಕೆಯಲ್ಲಿದ್ದಾನೆ, ಫೋನಿಲ್ಲ. ಅದೇ ಹಡಗಿನ ತಾಯಂದಿರು ಸೇರಿ ವಾಟ್ಸಾಪ್ ಗ್ರೂಪ್ ಮಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಮಗ ನೌಕಾಪಡೆಯಲ್ಲಿ ಅಗ್ನಿವೀರ, ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿ ಹಡಗಿಗೆ ಹೋಗಿದ್ದಾನೆ, ಹದಿನೆಂಟು ದಿನದಿಂದ ಫೋನಿಲ್ಲ. ಊರಲ್ಲಿ ನೇವಿಗೆ ಹೋದವರು ಬೇರೆ ಯಾರೂ ಇಲ್ಲ. ಅದೇ ಹಡಗಿನ ಹುಡುಗರ ಅಮ್ಮಂದಿರನ್ನು ಹುಡುಕಿ ಒಂದು ಗ್ರೂಪ್ ಮಾಡಬೇಕೆಂದಿದ್ದೀರಿ.

ಗ್ರೂಪ್ ಮಾಡಿ ಅಕ್ಕ, ಖಂಡಿತ ಮಾಡಿ. ಆದರೆ ಹಡಗಿನ ಹೆಸರಲ್ಲಿ ಬೇಡ, ಜಿಲ್ಲೆಯ ಹೆಸರಲ್ಲಿ ಮಾಡಿ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಆ ಹದಿನೆಂಟು ದಿನದ ಮಾತು.

ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಇದರ ಮೇಲೆ ಇನ್ನೊಂದು ಕಟ್ಟುಪಾಡಿದೆ: 2019ರ ಡಿಸೆಂಬರ್‌ನಲ್ಲಿ ನೌಕಾಪಡೆ ಹಡಗುಗಳಲ್ಲೂ ನೆಲೆಗಳಲ್ಲೂ ಸ್ಮಾರ್ಟ್‌ಫೋನ್ ಮತ್ತು ಫೇಸ್‌ಬುಕ್ ಬಳಕೆಯನ್ನು ನಿಷೇಧಿಸಿತು. ಸುಳ್ಳು ಪ್ರೊಫೈಲುಗಳ ಬಲೆಗೆ ಬಿದ್ದು ಮಾಹಿತಿ ಕೊಟ್ಟ ಆರೋಪದ ಮೇಲೆ ಕೆಲವು ನಾವಿಕರ ಬಂಧನವಾದ ಬೆನ್ನಿಗೇ ಬಂದ ಆದೇಶ ಅದು. ಇನ್ನು ಕೆಲಸದ ರೀತಿ. ಹಡಗಿನಲ್ಲಿ ದಿನವನ್ನು ಸಾಮಾನ್ಯವಾಗಿ ನಾಲ್ಕು ನಾಲ್ಕು ಗಂಟೆಯ ‘ವಾಚ್’ಗಳಾಗಿ ಹಂಚಿರುತ್ತಾರೆ. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಎದ್ದಿದ್ದ ಹುಡುಗ ಹಗಲು ಸಮಯ ಸಿಕ್ಕಾಗ ಮಲಗುತ್ತಾನೆ. ಬಂದರಿಗೆ ಬಂದ ದಿನವೂ ಸರದಿ ಪ್ರಕಾರ ಕೆಲವರು ಹಡಗಿನಲ್ಲೇ ಡ್ಯೂಟಿಗೆ ಉಳಿಯಬೇಕು. ಆದ್ದರಿಂದ ‘ಹಡಗು ದಡಕ್ಕೆ ಬಂದಿದೆಯಂತೆ, ಆದರೂ ಫೋನ್ ಮಾಡಲಿಲ್ಲ’ ಎಂದು ಕೊರಗಬೇಡಿ.

ಹತ್ತು ದಿನಕ್ಕೆಂದು ಹೊರಟ ಹಡಗು ತಿಂಗಳಾದರೂ ಬಾರದೆ ಇರಬಹುದು. ನಡುವೆ ಬೇರೆ ಕೆಲಸ ಬೀಳುತ್ತದೆ. ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧದ ಗಸ್ತು 2008ರ ಅಕ್ಟೋಬರ್‌ನಿಂದ ನಡೆಯುತ್ತಲೇ ಇದೆ. ಒಮಾನ್ ಕೊಲ್ಲಿಯ ಕಡೆ ‘ಆಪರೇಷನ್ ಸಂಕಲ್ಪ’ 2019ರ ಜೂನ್‌ನಲ್ಲಿ ಶುರುವಾಯಿತು. ಮಗ ಹೇಳಿದ ವಾಪಸಾತಿಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂರುವುದು ನಿಮಗೆ ನೀವೇ ಕೊಟ್ಟುಕೊಳ್ಳುವ ಹಿಂಸೆ. ಎರಡು ಮೂರು ವಾರದ ಮೌನ ಈ ನೌಕರಿಯಲ್ಲಿ ಮಾಮೂಲಿ. ಅವನಿಗೆ ಏನಾದರೂ ಆಗಿದ್ದರೆ ನೀವು ಹುಡುಕಬೇಕಿಲ್ಲ. ಮನೆಯವರ ಹೆಸರು, ವಿಳಾಸ, ಫೋನ್ ಸೇವಾ ದಾಖಲೆಯಲ್ಲಿ ಇರುತ್ತವೆ, ಅವರೇ ನಿಮಗೆ ತಿಳಿಸುತ್ತಾರೆ. ನೀವು ಮನೆ ಬದಲಿಸಿದ್ದರೆ ಅಥವಾ ಸಿಮ್ ಬದಲಿಸಿದ್ದರೆ ಮಗನಿಗೆ ಹೇಳಿ ದಾಖಲೆ ತಿದ್ದಿಸಿ. ಇದೊಂದು ಕೆಲಸ ಬಹಳ ಮನೆಗಳಲ್ಲಿ ಬಾಕಿ ಉಳಿದಿರುತ್ತದೆ.

ಈಗ ಗ್ರೂಪಿನ ವಿಷಯ. ಒಂದೇ ಹಡಗಿನ ತಾಯಂದಿರೆಲ್ಲ ಒಂದು ಕಡೆ ಸೇರಿದರು ಎಂದುಕೊಳ್ಳಿ. ಒಬ್ಬರು ಬರೆಯುತ್ತಾರೆ: ‘ನಮ್ಮವನು ಮಾತಾಡಿದ, ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದಂತೆ.’ ಇನ್ನೊಬ್ಬರು: ‘ನಾಳೆ ಬೆಳಿಗ್ಗೆಯಿಂದ ಮತ್ತೆ ಫೋನಿಲ್ಲ ಅಂದ.’ ಮೂರನೆಯವರು: ‘ದೀಪಾವಳಿಗೆ ಎರಡು ದಿನ ಮೊದಲು ಮುಂಬಯಿಗೆ ಬರ್ತಾರಂತೆ.’ ಮೂವರೂ ಗುಟ್ಟು ಬಿಟ್ಟುಕೊಟ್ಟೆವೆಂದು ಕನಸಿನಲ್ಲೂ ಅಂದುಕೊಂಡಿರುವುದಿಲ್ಲ. ಆದರೆ ಒಂದೂವರೆ ಗಂಟೆ ಹಿಂದೆ ಎಂದರೆ ಒಮಾನ್ ಅಥವಾ ಎಮಿರೇಟ್ಸ್ ಕಡೆ. ಯಾವ ಹಡಗು ಎನ್ನುವುದು ಗ್ರೂಪಿನ ಹೆಸರಲ್ಲೇ ಇದೆ. ಬಂದರು ಬಿಡುವ ಹೊತ್ತು, ಮರಳುವ ದಿನ ಎರಡೂ ಸಿಕ್ಕವು. ಜಿಲ್ಲೆಯ ಗ್ರೂಪಿನಲ್ಲಿ ಈ ಜೋಡಣೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಒಬ್ಬರ ಮಗ ವಿಶಾಖಪಟ್ಟಣದಲ್ಲಿ, ಇನ್ನೊಬ್ಬರ ಮಗ ಕೊಚ್ಚಿಯಲ್ಲಿ, ಮತ್ತೊಬ್ಬರ ಮಗ ಕಾರವಾರದಲ್ಲಿ. ಮಾತು ತಾನಾಗಿ ಹಡಗಿನಿಂದ ಮನೆಯ ಕಡೆಗೆ ಹೊರಳುತ್ತದೆ. ಬೇಕಾಗಿರುವುದೂ ಅದೇ. ಅಲ್ಲದೆ ಕಷ್ಟ ಬಂದಾಗ ಬಸ್ಸು ಹತ್ತಿ ನಿಮ್ಮ ಮನೆಗೆ ಬರುವವರು ಪಕ್ಕದ ತಾಲ್ಲೂಕಿನ ತಾಯಿಯೇ ಹೊರತು ಅದೇ ಹಡಗಿನ ಪಂಜಾಬಿನ ತಾಯಿಯಲ್ಲ.

ಇದನ್ನು ಅತಿಯಾದ ಭಯ ಅನ್ನಬೇಡಿ. ಕಾರವಾರದ ನೌಕಾನೆಲೆಯ ಮಾಹಿತಿ ಸೋರಿದ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು.

ಸದಸ್ಯರು ಹದಿನೈದು ಇಪ್ಪತ್ತಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಗುಡ್ ಮಾರ್ನಿಂಗ್ ಚಿತ್ರಗಳೇ ತುಂಬುತ್ತವೆ, ನಿಜವಾಗಿ ಅಳಬೇಕಾದವರು ಬಾಯಿ ಬಿಡುವುದಿಲ್ಲ. ಹೊಸಬರನ್ನು ಸೇರಿಸುವ ಮೊದಲು ಸದಸ್ಯರಲ್ಲಿ ಒಬ್ಬರಾದರೂ ಅವರನ್ನು ಮುಖತಃ ನೋಡಿರಬೇಕು. ‘ನನ್ನ ಮಗನೂ ಅಲ್ಲೇ ಇದ್ದಾನೆ, ಸೇರಿಸಿಕೊಳ್ಳಿ’ ಎಂದು ದೇವರ ಫೋಟೋ ಡಿಪಿ ಇಟ್ಟ ನಂಬರಿನಿಂದ ಬಂದರೆ ಸೇರಿಸಬೇಡಿ. ಸೆಟ್ಟಿಂಗ್‌ನಲ್ಲಿ ಸದಸ್ಯರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇರಲಿ, ಇನ್ವೈಟ್ ಲಿಂಕ್ ಯಾರಿಗೂ ಕಳಿಸಬೇಡಿ, ಮೆಸೇಜ್‌ಗಳು 7 ದಿನಕ್ಕೆ ತಾವಾಗಿ ಅಳಿಯುವಂತೆ ಮಾಡಿ. ಗಂಡು ಮಕ್ಕಳನ್ನು, ಅಂದರೆ ನಾವಿಕರನ್ನೇ, ಗ್ರೂಪಿಗೆ ಸೇರಿಸಬೇಡಿ. ಸೇರಿಸಿದ ಕ್ಷಣ ಅದು ತಾಯಂದಿರ ಗ್ರೂಪಾಗಿ ಉಳಿಯುವುದಿಲ್ಲ.

ಎಡವುವುದು ಹೆಚ್ಚಾಗಿ ಎಲ್ಲಿ ಎಂದರೆ ಫೋಟೋದಲ್ಲಿ. ಅಮ್ಮನ ಫೋನು ಮನೆಯ ಚಿಕ್ಕ ಮಕ್ಕಳ ಕೈಯಲ್ಲಿರುತ್ತದೆ. ಗ್ಯಾಲರಿಗೆ ಬಂದ ಚಿತ್ರವನ್ನು ಯಾರೋ ತಮ್ಮನೋ ತಂಗಿಯ ಮಗನೋ ಸ್ಟೇಟಸ್‌ಗೆ ಹಾಕಿಬಿಡುತ್ತಾನೆ. ಹಡಗಿನ ಹೆಸರಿರುವ ಟೋಪಿ, ಹಿಂದೆ ಕಾಣುವ ಹಡಗಿನ ನಂಬರು, ಜೆಟ್ಟಿ, ಇವಿರುವ ಚಿತ್ರ ಗ್ರೂಪಿಗೆ ಬರಬಾರದು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ತೆಗೆದ ಜಾಗದ ವಿವರ ಕಳಚುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಕ್ಲಿಯರ್ ಬರಲಿ ಎಂದು ಡಾಕ್ಯುಮೆಂಟ್ ಮಾಡಿ ಕಳಿಸುವ ಅಭ್ಯಾಸವನ್ನು ಬಿಡಿಸಿ.

ಬರೆಯಲು ಕಷ್ಟಪಡುವ ತಾಯಂದಿರೇ ಹೆಚ್ಚಿದ್ದರೆ ಬರಹ ಬಿಟ್ಟು ವಾರಕ್ಕೊಂದು ಕರೆ ಇಟ್ಟುಕೊಳ್ಳಿ, ಭಾನುವಾರ ಸಂಜೆ ಅರ್ಧ ಗಂಟೆ. ನನ್ನ ಪ್ರಕಾರ ಇಡೀ ಗ್ರೂಪಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಜೋಡಿ ಪದ್ಧತಿ: ಹೊಸ ತಾಯಿಗೆ, ಮಗ ಎರಡು ವರ್ಷ ಹಡಗಿನಲ್ಲಿ ಕಳೆದಿರುವ ಒಬ್ಬ ಹಳೆ ತಾಯಿ ಜೊತೆ. ರಾತ್ರಿ ನಿದ್ದೆ ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕೆಂದು ಮೊದಲೇ ಗೊತ್ತಿರಬೇಕು. ಇಪ್ಪತ್ತು ಜನರಿಗೆ ಒಟ್ಟಿಗೆ ‘ಭಯವಾಗ್ತಿದೆ’ ಎಂದು ಬರೆಯುವುದು ಯಾರಿಗೂ ಸುಲಭವಲ್ಲ.

ಹೋಲಿಕೆ ಎನ್ನುವುದು ಇಂಥ ಗುಂಪುಗಳನ್ನು ಒಳಗಿಂದಲೇ ತಿನ್ನುತ್ತದೆ. ‘ನಮ್ಮವನು ಮಾತಾಡಿದ, ನಿಮ್ಮವನು ಇನ್ನೂ ಇಲ್ವಾ?’ ಎಂಬ ಒಂದು ಸಾಲು ಸಾಕು. ಇಂಜಿನ್ ರೂಮಿನವನಿಗೂ ಅಡುಗೆಮನೆಯವನಿಗೂ ಬಿಡುವು ಒಂದೇ ಹೊತ್ತಿಗೆ ಸಿಗುವುದಿಲ್ಲ. ದುಡ್ಡಿನ ಹೋಲಿಕೆಯೂ ಹಾಗೇ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21,000. ಪಕ್ಕದ ಮನೆಯ ಕಾಯಂ ನಾವಿಕ ಇಷ್ಟು ಕಳಿಸುತ್ತಾನೆ, ನಮ್ಮವನು ಕಡಿಮೆ ಕಳಿಸುತ್ತಾನೆ ಎಂದರೆ ಕಾರಣ ಅಲ್ಲಿದೆ. ನಾಲ್ಕು ವರ್ಷದ ನಂತರ ಸರ್ಕಾರದ ಸಮಪಾಲೂ ಸೇರಿ ಸುಮಾರು 10.04 ಲಕ್ಷ ಮತ್ತು ಬಡ್ಡಿ ಬರುತ್ತದೆ. ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25 ಜನ. ‘ನಿಮ್ಮ ಮಗನನ್ನು ಪರ್ಮನೆಂಟ್ ಮಾಡಿಸಿಕೊಡ್ತೀನಿ’ ಎಂದು ದುಡ್ಡು ಕೇಳುವವನು ಮೋಸಗಾರ, ಅವನ ನಂಬರನ್ನು ಗ್ರೂಪಿನಲ್ಲಿ ಹಾಕಿ ಎಲ್ಲರನ್ನೂ ಎಚ್ಚರಿಸಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯಲ್ಲಿ ತುರ್ತು ಬಂದಾಗ ಏನು ಮಾಡಬೇಕು ಎನ್ನುವುದನ್ನು ಪ್ರತಿ ತಾಯಿಯೂ ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಬೇಕು. ಮಗನ ದಾಖಲೆಯಲ್ಲಿರುವ ಪೂರ್ತಿ ಹೆಸರು, ಹುದ್ದೆ, ಸರ್ವಿಸ್ ನಂಬರ್, ಹಡಗಿನ ಹೆಸರು, ಮಗನೇ ಕೊಟ್ಟ ತುರ್ತು ಫೋನ್ ನಂಬರು, ಅವನ ಡಿವಿಷನಲ್ ಆಫೀಸರ್ ಹೆಸರು. ಪ್ರತಿ ನಾವಿಕನ ಯೋಗಕ್ಷೇಮ ನೋಡಿಕೊಳ್ಳಲು ಒಬ್ಬ ಡಿವಿಷನಲ್ ಆಫೀಸರ್ ಇರುತ್ತಾರೆ, ಮನೆಯ ಕಷ್ಟ ಅವರ ತನಕ ತಲುಪಿದರೆ ಮುಂದಿನ ದಾರಿ ತೆರೆಯುತ್ತದೆ. ಈ ಹಾಳೆ ಬೀರುವಿನಲ್ಲಿರಲಿ, ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ.

ಕರೆ ಮಾಡುವವರು ಮನೆಯಿಂದ ಒಬ್ಬರೇ ಆಗಿರಲಿ. ಮಾವ ಒಂದು ಹೇಳಿ ಚಿಕ್ಕಪ್ಪ ಇನ್ನೊಂದು ಹೇಳಿದರೆ ಅಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ‘ಅಪ್ಪನಿಗೆ ಸೀರಿಯಸ್’ ಎಂದಷ್ಟೇ ಹೇಳದೆ ಏನಾಗಿದೆ, ಯಾವ ಆಸ್ಪತ್ರೆ, ಯಾವ ವಾರ್ಡು, ವೈದ್ಯರ ನಂಬರು ಏನು ಎಂದು ಹೇಳಿ. ಅವರು ಅಲ್ಲಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವಂತಿರಬೇಕು. ರಜೆ ಸಿಗಲಿ ಎಂದು ಸುಳ್ಳು ಕಾಯಿಲೆ ಹೇಳಿದರೆ ಮುಂದೆ ನಿಜ ಹೇಳಿದ ದಿನ ಬೆಲೆ ಇರುವುದಿಲ್ಲ. ಅಗ್ನಿವೀರನಿಗೆ ವರ್ಷಕ್ಕೆ 30 ದಿನ ರಜೆ. ಅದು ಯಾವಾಗ ಸಿಗಬೇಕೆನ್ನುವುದು ಹಡಗಿನ ಕಾರ್ಯಕ್ರಮಕ್ಕೆ ಕಟ್ಟುಬಿದ್ದಿರುತ್ತದೆ.

ಯಾರೂ ಆಡಲು ಇಷ್ಟಪಡದ ಒಂದು ಮಾತಿದೆ, ಅದನ್ನು ಆಡಲು ತಾಯಂದಿರ ಗುಂಪಿಗಿಂತ ಒಳ್ಳೆಯ ಜಾಗವಿಲ್ಲ. ಹಡಗು ನಡು ಸಮುದ್ರದಲ್ಲಿದ್ದಾಗ ಮನೆಯಲ್ಲಿ ಸಾವಾದರೆ ಸುದ್ದಿ ಹಡಗಿಗೆ ಮುಟ್ಟುತ್ತದೆ, ಮಗ ಮುಟ್ಟದೆ ಹೋಗಬಹುದು. ಮುಂದಿನ ಬಂದರಿನಲ್ಲಿ ಇಳಿಸಿದರೂ ಅಲ್ಲಿಂದ ವಿಮಾನ, ರೈಲು, ಬಸ್ಸು. ಮಣ್ಣಿಗೆ ಅಷ್ಟು ದಿನ ಕಾಯಲು ಆಗುವುದಿಲ್ಲ. ಅವನ ಬದಲು ಕಾರ್ಯ ಯಾರು ಮಾಡಬೇಕು, ಹನ್ನೊಂದನೆಯ ದಿನಕ್ಕೆ ಬಂದರೆ ಏನು ಮಾಡಿಸಬೇಕು ಎಂದು ಅವನು ರಜೆಗೆ ಬಂದಾಗಲೇ ಎದುರು ಕೂತು ಮಾತಾಡಿಕೊಳ್ಳಿ. ‘ಅಪಶಕುನ’ ಎಂದು ಹಿರಿಯರು ಬೈಯುತ್ತಾರೆ, ಬೈಯಲಿ. ಮಾತಾಡಿಕೊಳ್ಳದ ಮನೆಗಳಲ್ಲಿ ಆ ಹುಡುಗ ತಪ್ಪಿತಸ್ಥನ ಹಾಗೆ ವರ್ಷಗಟ್ಟಲೆ ನವೆಯುತ್ತಾನೆ.

ಟಿವಿಯಲ್ಲಿ ನೌಕಾಪಡೆಯ ಕೆಟ್ಟ ಸುದ್ದಿ ಬಂದ ದಿನ ಗ್ರೂಪಿಗೆ ಪ್ರತ್ಯೇಕ ನಿಯಮ ಬೇಕು. 2022ರ ಜನವರಿಯಲ್ಲಿ ಮುಂಬಯಿಯಲ್ಲಿ ಐಎನ್‌ಎಸ್ ರಣವೀರ್‌ನಲ್ಲಿ ಸ್ಫೋಟವಾಗಿ ಮೂವರು ತೀರಿಕೊಂಡರು. 2024ರ ಜುಲೈನಲ್ಲಿ ಐಎನ್‌ಎಸ್ ಬ್ರಹ್ಮಪುತ್ರದಲ್ಲಿ ಬೆಂಕಿ ಬಿತ್ತು, ಒಬ್ಬ ನಾವಿಕ ತೀರಿಕೊಂಡರು. ಇಂಥ ದಿನ ‘ನಮ್ಮವನು ಸೇಫ್’ ಎಂದು ಗ್ರೂಪಿನಲ್ಲಿ ಬರೆಯಬೇಡಿ. ಹನ್ನೆರಡು ಜನ ‘ಸೇಫ್’ ಅಂದ ಮೇಲೆ ಹದಿಮೂರನೆಯವರ ಎದೆ ಒಡೆಯುತ್ತದೆ, ಅವರ ಮಗ ಬರೀ ಡ್ಯೂಟಿಯಲ್ಲಿದ್ದರೂ ಸರಿ. ಮಗ ಮಾತಾಡಿದ ತಾಯಿ ಮಾಡಬೇಕಾದದ್ದು ಇಷ್ಟೇ: ತನ್ನ ಜೋಡಿ ತಾಯಿಗೆ ಫೋನ್ ಮಾಡಿ ಅವರ ಪಕ್ಕ ಇರುವುದು. ಯಾವ ಹಡಗು, ಎಷ್ಟು ಜನ ಎಂಬ ಊಹೆಗೆ ಅಡ್ಮಿನ್ ಅವಕಾಶ ಕೊಡಬಾರದು, ಒಂದು ದಿನ ಅಡ್ಮಿನ್ ಮಾತ್ರ ಬರೆಯುವಂತೆ ಗ್ರೂಪಿಗೆ ಬೀಗ ಹಾಕಿದರೂ ತಪ್ಪಿಲ್ಲ. ಟಿವಿ ನೋಡಿ ತೀರ್ಮಾನಕ್ಕೂ ಬರಬೇಡಿ. 2025ರ ಮೇ 8ರ ರಾತ್ರಿ ಕೆಲವು ವಾಹಿನಿಗಳು ಐಎನ್‌ಎಸ್ ವಿಕ್ರಾಂತ್ ಕರಾಚಿ ಬಂದರನ್ನು ಹೊಡೆಯಿತೆಂದು ಗಂಟೆಗಟ್ಟಲೆ ಕೂಗಿದವು. ಅಂಥದ್ದೇನೂ ನಡೆದಿರಲಿಲ್ಲ. ಆ ಹಡಗೊಂದರಲ್ಲೇ ಸುಮಾರು 1,600 ಜನರಿರುತ್ತಾರೆ, ಅಷ್ಟೂ ಮನೆಗಳ ನಿದ್ದೆ ಹೋಯಿತು.

ಸರ್ಕಾರದ ಕಡೆಯಿಂದ ಏನಿದೆ ಎಂದೂ ಕೇಳುತ್ತೀರಿ. ನೌಕಾಪಡೆಯ ಕುಟುಂಬಗಳಿಗೆ ಎನ್‌ಡಬ್ಲ್ಯುಡಬ್ಲ್ಯುಎ ಎಂಬ ಸಂಸ್ಥೆಯಿದೆ, ಆದರೆ ಅದು ಮುಖ್ಯವಾಗಿ ನೆಲೆಗಳಲ್ಲಿ ವಾಸಿಸುವ ಹೆಂಡತಿ ಮಕ್ಕಳ ನಡುವೆ ಬೆಳೆದದ್ದು, ಗದಗ ಹಾಸನದ ಹಳ್ಳಿಯ ಅಮ್ಮನಿಗೆ ದೂರ. ಹತ್ತಿರದ್ದು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ. ಜಮೀನು ತಕರಾರು, ದಾಯಾದಿಗಳ ಕಿರುಕುಳ ಇದ್ದರೆ ಅಲ್ಲಿ ಅರ್ಜಿ ಕೊಡಿ, ಮಗನಿಗೂ ತಿಳಿಸಿ. ಅವನ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬಂದರೆ ಕಡತ ಬೇಗ ಏಳುತ್ತದೆ. ನಿದ್ದೆ ಊಟ ಬಿಟ್ಟುಹೋಗಿ ವಾರಗಳಾದ ತಾಯಿಗೆ ಬರೀ ಸಮಾಧಾನ ಹೇಳಿ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಕ್ಕಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಇದರದ್ದೊಂದು ವಿಶೇಷ ಘಟಕವೂ ಶುರುವಾಗಿದೆ.

ಪಾರ್ಸೆಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಗ್ರೂಪ್ ಆದ ಮೊದಲ ವಾರವೇ ಆ ಮಾತು ಬರುತ್ತದೆ. ವಿಳಾಸ ಮಗ ಕೊಟ್ಟದ್ದೇ ಆಗಬೇಕು. ಸಾಮಾನ್ಯವಾಗಿ ಹಡಗಿನ ಹೆಸರು, ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಮುಂಬಯಿ ಅಥವಾ ವಿಶಾಖಪಟ್ಟಣ ಎಂದಿರುತ್ತದೆ. ಹಡಗು ಬರುವ ತನಕ ಡಬ್ಬಿ ಅಲ್ಲೇ ಕಾಯುತ್ತದೆ, ಆದ್ದರಿಂದ ತಿಂಗಳು ತಡೆಯುವ ತಿಂಡಿಯನ್ನೇ ಕಳಿಸಿ. ಎಣ್ಣೆಯಲ್ಲಿ ಕರಿದ ಚಕ್ಕುಲಿ ಸೆಕೆಗೆ ಕನರು ವಾಸನೆ ಹಿಡಿಯುತ್ತದೆ, ತೆಂಗಿನಕಾಯಿ ಬಿದ್ದದ್ದು ಯಾವುದೂ ಉಳಿಯುವುದಿಲ್ಲ, ಉಪ್ಪಿನಕಾಯಿ ಸೋರಿ ಬೇರೆಯವರ ಪತ್ರಗಳನ್ನೂ ಕೆಡಿಸುತ್ತದೆ. ಪುಟಾಣಿ (ಹುರಿಗಡಲೆ) ಚಟ್ನಿಪುಡಿ, ಒಣಕೊಬ್ಬರಿ ಹಾಕದೆ ಮಾಡಿದ್ದು, ಅರ್ಧ ಅರ್ಧ ಕಿಲೋ ಎರಡು ಪೊಟ್ಟಣ. ಪೂರ್ತಿ ಆರಿದ ಮೇಲೆ ತುಂಬಿ, ಗಾಜಿನ ಬಾಟಲಿ ಬೇಡ. ಅವನ ಲಾಕರ್ ಚಿಕ್ಕದು, ಮೆಸ್ಸಿನಲ್ಲಿ ಪಾಲು ಕೇಳುವವರು ಬಹಳ, ಹಾಗಾಗಿ ಒಂದು ದೊಡ್ಡ ಡಬ್ಬಿಗಿಂತ ಹಂಚಲು ಬರುವ ಸಣ್ಣ ಪೊಟ್ಟಣಗಳೇ ಮೇಲು. ದೂರದ ಪಯಣಕ್ಕೆ ಹೊರಟಿದ್ದಾನೆಂದು ಸುಳಿವು ಸಿಕ್ಕಿದ್ದರೆ ಕಳಿಸಲೇಬೇಡಿ, ರಜೆಗೆ ಬಂದಾಗ ಕಟ್ಟಿಕೊಡಿ.